ಮಲೆನಾಡಿನ ಏರು ಮತ್ತು ಶೇಕಡಾ ನಲವತ್ತು

ಬ್ರಿಟಿಷರ ಕಾಲದ ಜನಗಣತಿಯಲ್ಲಿ ನಾಲ್ಕು ಬಗೆಯ ಜನರನ್ನು ಬೇರೆಯಾಗಿ ಎಣಿಸುತ್ತಿದ್ದರು: ಹುಚ್ಚರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳು. ಪದಗಳು ಆ ಕಾಲದವು. ಮೈಸೂರು ಸಂಸ್ಥಾನದ ಗಣತಿಯೂ ಇದೇ ಪಟ್ಟಿಯನ್ನು ಅನುಸರಿಸಿತು. ಇಂದಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆ ಆಗ ಕಡೂರು ಜಿಲ್ಲೆಯಲ್ಲಿತ್ತು. ಕಾಲು ನಡೆಯದವರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. 1931ರ ನಂತರ ಈ ಎಣಿಕೆಯೇ ನಿಂತುಹೋಯಿತು. ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾದ 1981ರಲ್ಲಿ ಒಮ್ಮೆ ಮರಳಿ, 1991ರಲ್ಲಿ ಮಾಯವಾಗಿ, 2001ರಲ್ಲಿ ಮತ್ತೆ ಬಂತು. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಅಂಗವಿಕಲರಿದ್ದರು.

ಯಾರೂ ಎಣಿಸದೆ ಬಿಟ್ಟ ಆ ಐವತ್ತು ವರ್ಷಗಳ ಕೊನೆಯಲ್ಲೇ, 1970ರ ದಶಕದ ನಡುವೆ, ಮಲೆನಾಡಿನ ಒಂದು ಕಾಯಿಲೆ ಸುದ್ದಿಗೆ ಬಂತು. ಸಾಗರದ ಪಕ್ಕದ ಹಂದಿಗೋಡು ಎಂಬ ಊರಿನಲ್ಲಿ ಜನರಿಗೆ ಸೊಂಟ, ಮಂಡಿಗಳಲ್ಲಿ ತಡೆಯಲಾರದ ನೋವು. ನಡಿಗೆ ವಾಲುತ್ತಿತ್ತು, ಬೆನ್ನು ಬಾಗುತ್ತಿತ್ತು, ಕೆಲವರು ಕೈಯೂರಿ ತೆವಳುವ ಸ್ಥಿತಿಗೆ ಬಂದರು. ಕೆಲವು ಮನೆಗಳಲ್ಲಿ ಮಕ್ಕಳು ಎತ್ತರಕ್ಕೆ ಬೆಳೆಯಲೇ ಇಲ್ಲ. ನರಳಿದವರಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ದಲಿತ ಕೂಲಿಕಾರರು. ಮುಂದೆ ಶಿವಮೊಗ್ಗ ಜಿಲ್ಲೆಯ ಬೇರೆ ಊರುಗಳಲ್ಲಿ, ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇದು ಕಾಣಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಂದು ಪರೀಕ್ಷಿಸಿ, ಇದನ್ನು ಕುಟುಂಬಗಳಲ್ಲಿ ಬರುವ ಮಲೆನಾಡಿನ ಸಂಧಿವಾತ ಎಂದು ಕರೆದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಬಡವರ ಹೊಟ್ಟೆ ಸೇರಿರಬಹುದೆಂಬ ಗುಮಾನಿಯೂ ಎದ್ದಿತು. ಏಡಿ ಹಿಡಿದು ತಿನ್ನುವುದು ಅಲ್ಲಿ ರುಚಿಗಿಂತ ಹೆಚ್ಚಾಗಿ ಹಸಿವಿನ ಮಾತಾದ್ದರಿಂದ ಆ ವಾದಕ್ಕೆ ತೂಕ ಬಂದಿತ್ತು. 1990ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನಗಳು ಇದನ್ನು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷವೆಂದು ಗುರುತಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಾಯಿಲೆಗಿಂತ ಸರ್ಕಾರಿ ಗಮನ ಹರಿದ ದಿಕ್ಕು. ಇಪ್ಪತ್ತು ವರ್ಷ ಎಲ್ಲರ ಕಣ್ಣೂ 'ಇದು ಏಕೆ ಬಂತು' ಎಂಬುದರ ಮೇಲಿತ್ತು. ರಕ್ತ ತೆಗೆದುಕೊಂಡು ಹೋದರು, ಎಕ್ಸ್‌ರೇ ತೆಗೆದರು, ವಂಶವೃಕ್ಷ ಬರೆದರು. ಸೊಂಟ ಹಿಡಿದ ಹೆಂಗಸು ಹಳ್ಳದಿಂದ ನೀರು ಹೊರುವುದು ಹೇಗೆ, ನೆಟ್ಟಿಗೆ ಬಗ್ಗಲಾರದವಳಿಗೆ ಕೂಲಿ ಎಲ್ಲಿಂದ ಬರಬೇಕು ಎಂಬುದು ಸಂಶೋಧನೆಯ ಪ್ರಶ್ನೆಯಾಗಲಿಲ್ಲ. ಅದನ್ನು ಪಿಂಚಣಿಯ ಖಾತೆಗೆ ಬಿಟ್ಟರು.

ಆ ಖಾತೆಗೆ ದೇಶಮಟ್ಟದ ಕಾನೂನಿನ ಆಧಾರ ಸಿಕ್ಕಿದ್ದು 1995ರ ಕಾಯ್ದೆಯಿಂದ. ಅದು ಏಳು ಬಗೆಯ ಅಂಗವೈಕಲ್ಯವನ್ನು ಒಪ್ಪಿ, ಶೇ. 40 ಎಂಬ ಗೆರೆ ಎಳೆಯಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದರ ಫಲವಾಗಿ ಬಂದ 2016ರ ಹಕ್ಕುಗಳ ಕಾಯ್ದೆ ಏಳನ್ನು ಇಪ್ಪತ್ತೊಂದಕ್ಕೆ ಏರಿಸಿತು; ಕುಬ್ಜತೆಯೂ ಪಟ್ಟಿ ಸೇರಿತು. ಅದಕ್ಕಿಂತ ದೊಡ್ಡ ಬದಲಾವಣೆ ವ್ಯಾಖ್ಯೆಯಲ್ಲಿತ್ತು. ದೇಹದ ಊನ ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಒಬ್ಬರ ಪಾಲ್ಗೊಳ್ಳುವಿಕೆಯನ್ನು ತಡೆಯುತ್ತದೆ ಎಂದು ಕಾಯ್ದೆ ಹೇಳಿತು. ತಪ್ಪು ಕಾಲಿನದ್ದಷ್ಟೇ ಅಲ್ಲ, ಮೆಟ್ಟಿಲಿನದ್ದೂ ಹೌದು ಎಂದಂತಾಯಿತು.

ಆದರೆ ಹಣ ಹರಿಯುವ ಕಡೆ ಹಳೆಯ ಗೆರೆಯೇ ಉಳಿಯಿತು. ಮೀಸಲಾತಿಗೂ ಹೆಚ್ಚಿನ ಸೌಲಭ್ಯಗಳಿಗೂ ಬೇಕಾದದ್ದು ಶೇ. 40ರ ಪ್ರಮಾಣಪತ್ರ. ಸಾಮಾಜಿಕ ಭದ್ರತೆಯ 24ನೇ ಸೆಕ್ಷನ್ ಅಂಗವಿಕಲರಿಗೆ ಇತರರಿಗಿಂತ ಶೇ. 25ರಷ್ಟು ಹೆಚ್ಚು ನೆರವು ಕೊಡಬೇಕು ಎನ್ನುತ್ತದೆ. ಅದೇ ಸೆಕ್ಷನ್, ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಯೋಜನೆ ರೂಪಿಸಲಿ ಎಂದೂ ಹೇಳುತ್ತದೆ. ಹಕ್ಕಿಗೆ ಇಂಥ ಬಾಲ ಕಟ್ಟಿದರೆ ಏನಾಗುತ್ತದೆ ನೋಡಿ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ಹೆಸರಿನ ರಾಷ್ಟ್ರೀಯ ಪಿಂಚಣಿ ಬಡತನ ರೇಖೆಯ ಕೆಳಗಿರುವ, ಶೇ. 80ರಷ್ಟು ವೈಕಲ್ಯವಿರುವವರಿಗೆ ಮಾತ್ರ. ಅದರಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಆಯಿತು. ಕರ್ನಾಟಕ ತನ್ನ ಹಣದಿಂದ ಶೇ. 40 ದಾಟಿದವರಿಗೂ ಕೊಡುತ್ತದೆ, ಶೇ. 75 ದಾಟಿದರೆ ಹೆಚ್ಚು ಕೊಡುತ್ತದೆ. ಈ ವಿಷಯದಲ್ಲಿ ರಾಜ್ಯದ ಕೈ ದೊಡ್ಡದು ಎಂದೇ ನನ್ನ ತೀರ್ಮಾನ.

ನನ್ನ ಸಂಶೋಧನೆಗಾಗಿ ಈ ಮೂರು ತಾಲ್ಲೂಕುಗಳಲ್ಲಿ ಓಡಾಡುವಾಗ, ಕಾಯ್ದೆ ಹೇಳುವ 'ಅಡೆತಡೆ' ಎಂಬ ಪದಕ್ಕೆ ಇಲ್ಲಿ ನೆಲವೇ ಅರ್ಥ ಎನಿಸಿತು. ಊರೆಂದರೆ ಸಾಲುಮನೆಗಳಲ್ಲ, ತೋಟಕ್ಕೊಂದು, ಗುಡ್ಡಕ್ಕೊಂದು ಒಂಟಿ ಮನೆ. ಡಾಂಬರು ರಸ್ತೆಯಿಂದ ಅಂಗಳಕ್ಕೆ ಒಂದು ಏರು, ಒಂದು ಇಳುಕಲು, ನಡುವೆ ಹಳ್ಳದ ಮೇಲೆ ಕಾಲುಸಂಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವಸೆ ಹಿಡಿದ ಆ ದಾರಿಯಲ್ಲಿ ಗಟ್ಟಿಮುಟ್ಟಾದವರೇ ಜಾರುತ್ತಾರೆ. ಬಯಲುಸೀಮೆಯ ಶೇ. 45 ಮತ್ತು ಇಲ್ಲಿಯ ಶೇ. 45 ಒಂದೇ ಅಲ್ಲ, ಆದರೆ ಪ್ರಮಾಣಪತ್ರದಲ್ಲಿ ಒಂದೇ. ನರಸಿಂಹರಾಜಪುರದವರಿಗೆ ಶಿವಮೊಗ್ಗ ಹತ್ತಿರ, ಜಿಲ್ಲಾ ಕೇಂದ್ರ ಮಾತ್ರ ಚಿಕ್ಕಮಗಳೂರು. ಜಿಲ್ಲೆಯ ಗಡಿಯೂ ಕಾಲಿಗೆ ಅಡ್ಡ ಬರುತ್ತದೆ.

ಅಡಿಕೆ ಮರದ ಮಾತು ಇನ್ನೂ ಕಷ್ಟದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು, ಮುಂದೆ ಕೊನೆ ತೆಗೆಯಲು ಮರ ಹತ್ತುವ ಕೊನೆಗಾರ ಜಾರಿ ಬಿದ್ದರೆ ಬೆನ್ನುಹುರಿಗೇ ಪೆಟ್ಟು. ಅಡಿಕೆಯ ಧಾರಣೆ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಬಿದ್ದವರ ಲೆಕ್ಕ ಯಾವ ಕೋಷ್ಟಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟರ ನಡುವೆ ಸರ್ಕಾರದ ಮುಖವಾಗಿ ಮನೆಬಾಗಿಲಿಗೆ ಬರುವವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. 1999-2000ರಲ್ಲಿ ಕೇಂದ್ರದ ಕಾರ್ಯಕ್ರಮವಾಗಿ ಹುಟ್ಟಿದ ಈ ವ್ಯವಸ್ಥೆಯನ್ನು ಮುಂದೆ ರಾಜ್ಯವೇ ನಡೆಸಿಕೊಂಡು ಬಂತು. ಗೌರವಧನಕ್ಕೆ ದುಡಿಯುವ ಇವರು ಸಾಮಾನ್ಯವಾಗಿ ತಾವೇ ಅಂಗವಿಕಲರು. ಊರುಗೋಲು ಹಿಡಿದೇ ಗುಡ್ಡ ಹತ್ತಿ ಅರ್ಜಿ ಬರೆಸುತ್ತಾರೆ. ಅಂಥ ಒಬ್ಬರ ಜೊತೆ ಹೋದ ಮನೆಯೊಂದರಲ್ಲಿ ಮೂರು ಚಕ್ರದ ಸೈಕಲ್ಲು ಕೊಟ್ಟಿಗೆಯ ಮೂಲೆಯಲ್ಲಿತ್ತು, ಮೇಲೆ ಒಣಗಿದ ಹಾಳೆಗಳನ್ನು ಪೇರಿಸಿದ್ದರು. ನಾನು ನೋಡುತ್ತ ನಿಂತದ್ದಕ್ಕೆ ಅವರೇ ಹೇಳಿದರು: "ಅದು ಪೇಟೆ ಸೈಕಲ್ಲು ಮಾರಾಯ್ರೆ, ಇಲ್ಲಿ ಅದನ್ನ ಹೊತ್ಕೊಂಡು ಹೋಗ್ಲಿಕ್ಕೆ ಇಬ್ರು ಬೇಕು."

ಸಾಧನ ಹಂಚುವ ಕೇಂದ್ರದ ಯೋಜನೆ ಶುರುವಾದದ್ದು 1981ರಲ್ಲಿ. ಕೊಡುವುದು ಸುಲಭ, ಎಣಿಸುವುದು ಸುಲಭ, ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದೂ ಸುಲಭ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ತೆಗೆದಿಡುವ ಶೇ. 5ರ ಹಣ ಇದಕ್ಕಿಂತ ಬೇರೆ ರೀತಿ ಬಳಕೆಯಾಗಬಹುದಿತ್ತು, ಏಕೆಂದರೆ ದಾರಿ ಯಾವುದು, ಸಂಕ ಎಲ್ಲಿದೆ ಎಂಬುದು ಪಂಚಾಯಿತಿಗೆ ಗೊತ್ತು. ನಾನು ಕೂತು ಕೇಳಿದ ಒಂದು ಸಭೆಯಲ್ಲಿ ಮಹಿಳೆಯೊಬ್ಬರು ತಮ್ಮ ಮನೆಯ ದಾರಿಯ ಕಾಲುಸಂಕಕ್ಕೆ ಈ ಹಣದಲ್ಲಿ ಕೈಹಿಡಿ ಹಾಕಿಸಿಕೊಡಿ ಎಂದು ಕೇಳಿದರು. ಸಂಕ ಎಲ್ಲರೂ ದಾಟುವಂಥದ್ದು, ಅಂಗವಿಕಲರಿಗೆ ಮಾತ್ರ ಸೇರಿದ್ದಲ್ಲ, ಈ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಆ ವರ್ಷದ ಹಣದಲ್ಲಿ ಅವರಿಗೆ ಒಂದು ವಾಕರ್ ಮಂಜೂರಾಯಿತು.