ಶನಿವಾರದ ಪಾಠ: ಕೈವಿದ್ಯೆಯ ಚರಿತ್ರೆಯಲ್ಲಿ ಒಂದು ಪುಟ

ಕಾವೇರಿಯು ಕೊಡಗಿನ ನೆಲವನ್ನು ಬಿಟ್ಟು ಹಾಸನ ಜಿಲ್ಲೆಯನ್ನು ಪ್ರವೇಶಿಸುವುದು ಶಿರಂಗಾಲದ ಎಡೆಯಲ್ಲಿ. ಕಾಫಿ ತೋಟಗಳ ಕೊಡಗನ್ನಷ್ಟೇ ಕಂಡವರಿಗೆ ಈ ಸೀಮೆ ಹೊಸದೆನಿಸೀತು. ಇಲ್ಲಿ ಬೆಟ್ಟ ಬಯಲಾಗುತ್ತದೆ. ಭತ್ತ, ಜೋಳ, ಶುಂಠಿಗಳ ಬೇಸಾಯ ಕಣ್ಣಿಗೆ ಬೀಳುತ್ತದೆ. ಇಂತಹ ಊರಿನ ಹನ್ನೊಂದು ವರ್ಷದ ಬಾಲಕನು ನದಿಯ ಪಾಠವನ್ನು ಪುಸ್ತಕದಿಂದಲೇ ಕಲಿತು, ಬೆಳೆಯ ಪಾಠವನ್ನು ಪುಸ್ತಕದಿಂದಲೇ ಒಪ್ಪಿಸಿ ತೇರ್ಗಡೆಯಾದರೆ ಅದನ್ನು ವಿದ್ಯೆಯೆನ್ನಬಹುದೆ? ಈ ಪ್ರಶ್ನೆ ಹೊಸದಲ್ಲ. ನಮ್ಮ ದೇಶವು ಇದಕ್ಕೆ ಹಲವು ಬಾರಿ ಉತ್ತರ ಹೇಳಿದೆ. ಹೇಳಿದ ಉತ್ತರವನ್ನು ಹಲವು ಬಾರಿ ಮರೆತಿದೆ. ಆ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕೈಗೂ ಅರಿವಿಗೂ ನಡುವೆ ಗೋಡೆಯಿರಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಬಟ್ಟೆ ಮಡಿ ಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು ಅನುಭವ ಗೋಷ್ಠಿಗೆ ಬರುವಾಗ ತಮ್ಮ ಕಾಯಕವನ್ನು ಹೊರಗಿಟ್ಟು ಬಂದವರಲ್ಲ. ಆದರೆ ಅವರ ತರುವಾಯ ನಮ್ಮ ನಾಡಿನ ಪಾಠಶಾಲೆಗಳು ಬಾಯಿಪಾಠದ ದಾರಿಯನ್ನೇ ಹಿಡಿದವು. ಬ್ರಿಟಿಷರ ಕಾಲದ ಶಾಲೆಗಳು ಅದಕ್ಕೆ ಗುಮಾಸ್ತಗಿರಿಯ ಗುರಿಯನ್ನು ಜೋಡಿಸಿದವು. ಕೈಕೆಲಸವು ಓದದವರ ಪಾಲಾಯಿತು.

ಈ ಕಟ್ಟನ್ನು ಒಡೆಯುವ ದೊಡ್ಡ ಯತ್ನ 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಮೊದಲಾಯಿತು. ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಸೇರಿದ ಆ ಪರಿಷತ್ತು ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕೈಕಸುಬಿನ ಸುತ್ತ ಸಕಲ ಪಾಠಗಳ ಜೋಡಣೆ ಎಂಬ ತತ್ತ್ವಗಳನ್ನು ಒಪ್ಪಿತು. ಡಾಕ್ಟರ್ ಜಾಕಿರ್ ಹುಸೇನ್ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ಆ ಸಮಿತಿಯ ವೇಳಾಪಟ್ಟಿಯನ್ನು ಇಂದಿನ ಶಿಕ್ಷಕರು ಒಮ್ಮೆ ನೋಡಬೇಕು. ದಿನದ ಐದೂವರೆ ಗಂಟೆಗಳಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ. ಸಂಗೀತ, ಚಿತ್ರಕಲೆ, ಗಣಿತಗಳಿಗೆ ಒಟ್ಟು 40 ನಿಮಿಷ. ಮಾತೃಭಾಷೆಗೆ 40 ನಿಮಿಷ. ಸಮಾಜ ಮತ್ತು ವಿಜ್ಞಾನಗಳಿಗೆ 30 ನಿಮಿಷ. ವ್ಯಾಯಾಮಕ್ಕೆ 10, ವಿರಾಮಕ್ಕೆ 10. ನೂಲುವ ಮಗು ನೂಲಿನ ಅಳತೆಯಿಂದ ಗಣಿತವನ್ನೂ, ಹತ್ತಿಯ ಬೆಳೆಯಿಂದ ಭೂಗೋಳವನ್ನೂ, ತಕಲಿಯ ತಿರುಗುವಿಕೆಯಿಂದ ವಿಜ್ಞಾನವನ್ನೂ ಕಲಿಯಬೇಕೆಂಬುದು ಆಶಯ. ಇದಕ್ಕೆ ಸಮವಾಯವೆಂದು ಹೆಸರು.

ಆಶಯ ಘನವಾದುದು. ಆದರೆ ಮಕ್ಕಳು ತಯಾರಿಸಿದ ಸರಕಿನ ಮಾರಾಟದಿಂದ ಶಿಕ್ಷಕರ ಸಂಬಳ ಹುಟ್ಟಬೇಕೆಂಬ ನಿಬಂಧನೆಯು ಅದರೊಳಗೇ ಸೇರಿತ್ತು. ಶಾಲೆಯ ಸರಕು ಬಡ ಕಸುಬುದಾರನ ಸರಕಿಗೆ ಪೈಪೋಟಿಯಾಗುವುದೆಂದು ಪ್ರೊಫೆಸರ್ ಕೆ. ಟಿ. ಶಹಾ ಅವರು ಆ ಪರಿಷತ್ತಿನಲ್ಲಿಯೇ ಆಕ್ಷೇಪಿಸಿದ್ದರು. ದಿನಕ್ಕೆ ಮೂರು ಗಂಟೆ ತಕಲಿ ಹಿಡಿದ ಮಗು ವಿದ್ಯಾರ್ಥಿಯೋ ಕೂಲಿಯೋ ಎಂದು ಕೇಳಿದವರನ್ನು ನಾವು ದೂಷಿಸಲಾರೆವು. ಸ್ವಾತಂತ್ರ್ಯಾನಂತರ ಮೂಲ ಶಿಕ್ಷಣದ ಶಾಲೆಗಳು ಅನೇಕ ಕಡೆ ತೆರೆದವು. ಹಲವೆಡೆ ತಕಲಿ ಉಳಿಯಿತು, ಸಮವಾಯ ಉಳಿಯಲಿಲ್ಲ. ನೂಲುವ ಗಂಟೆಯೇ ಬೇರೆ, ಗಣಿತದ ಗಂಟೆಯೇ ಬೇರೆ ಆದವು. ಉಳ್ಳವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿ, ಬಡವರ ಮಕ್ಕಳಿಗೆ ಚರಕವು ಒಳ್ಳೆಯದೆಂದು ಭಾಷಣ ಮಾಡಿದರು.

ಇನ್ನೊಂದು ಪ್ರಸಂಗವನ್ನು ಇಲ್ಲಿ ಮರೆಯಲಾಗದು. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ತಂದೆತಾಯಿಯರ ಕಸುಬನ್ನು ಕಲಿಯಲೆಂದು ಯೋಜಿಸಿದರು. ನಮ್ಮ ದಕ್ಷಿಣ ಕನ್ನಡವೂ ಕಾಸರಗೋಡೂ ಅಂದು ಆ ರಾಜ್ಯಕ್ಕೆ ಸೇರಿದ್ದವು. ಕ್ಷೌರಿಕನ ಮಗನು ಕ್ಷೌರಿಕನೇ ಆಗಬೇಕೆ ಎಂದು ಜನರು ಕೇಳಿದರು. ವಿರೋಧವು ಪ್ರಬಲವಾಗಿ, 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದ ಮೇಲೆ ಯೋಜನೆಯನ್ನು ಕೈಬಿಡಲಾಯಿತು. ಜನರು ಕೇಳಿದ್ದು ಸರಿಯಾಗಿಯೇ ಇತ್ತು. ಕುಲಕಸುಬು ಬೇರೆ, ಕಾಯಕ ಬೇರೆ. ಹುಟ್ಟಿನಿಂದ ಹೇರಿದ್ದು ಮೊದಲಿನದು. ಎರಡನೆಯದನ್ನು ಎಲ್ಲರೂ ಸಮನಾಗಿ ಮಾಡತಕ್ಕುದು. ಕೈಯಿಂದ ಕಲಿಸುವ ಶಾಲೆಯಲ್ಲಿ ಗೌಡರ ಮಗನೂ ಕೂಲಿಯವರ ಮಗಳೂ ಒಂದೇ ಪಾತಿಯಲ್ಲಿ ಮಣ್ಣು ಮುಟ್ಟದಿದ್ದರೆ ಆ ವಿದ್ಯೆಯಿಂದ ಕೇಡೇ ಹೆಚ್ಚು.

ಮುಂದಿನದು ಕುಗ್ಗುತ್ತ ಬಂದ ಕಥೆ. 1964-66ರ ಕೊಠಾರಿ ಆಯೋಗವು ಅದನ್ನು ಕಾರ್ಯಾನುಭವವೆಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ಹೆಸರು ಉದ್ದವಾಯಿತು, ಶಾಲೆಯ ದಿನದಲ್ಲಿ ಅದರ ಸ್ಥಾನ ಕಿರಿದಾಯಿತು. 1995ರಲ್ಲಿ ಕೊಡಗಿನ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯು ಚಿಕ್ಕ ಮಕ್ಕಳ ತರಗತಿಗೆ ಹೊಸ ಜೀವ ತಂದಿತಾದರೂ ಹಿರಿಯ ಪ್ರಾಥಮಿಕದ ಬಾಗಿಲಲ್ಲಿ ನಿಂತುಹೋಯಿತು. 2019ರಲ್ಲಿ ಕರ್ನಾಟಕ ಸರ್ಕಾರವು ಶಾಲಾಚೀಲದ ಭಾರಕ್ಕೆ ಮಿತಿ ವಿಧಿಸಿದಾಗ ತಿಂಗಳ ಮೂರನೆಯ ಶನಿವಾರವನ್ನು ಚೀಲವಿಲ್ಲದ 'ಸಂಭ್ರಮ ಶನಿವಾರ'ವೆಂದು ಸಾರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಇಂತಹ 10 ದಿನಗಳನ್ನು ಸೂಚಿಸಿತು. ದಿನಕ್ಕೆ 3 ಗಂಟೆ 20 ನಿಮಿಷವೆಲ್ಲಿ, 10 ದಿನಗಳೆಲ್ಲಿ!

ಮೊದಲಿನದು ಅತಿಯಾಯಿತು, ಕಡೆಯದು ಸಾಲದಾಯಿತು ಎಂಬುದು ನಮ್ಮ ಅಭಿಪ್ರಾಯ. ತಿಂಗಳಿಗೊಮ್ಮೆ ಬರುವುದು ಹಬ್ಬವಾಗುತ್ತದೆಯೇ ಹೊರತು ಅಭ್ಯಾಸವಾಗುವುದಿಲ್ಲ. ನಮ್ಮ ಹಳ್ಳಿಗರ ಬಾಳಿನ ಲೆಕ್ಕವು ವಾರದ ಲೆಕ್ಕ, ಸಂತೆಯಿಂದ ಸಂತೆಗೆ. ಉತ್ತರ ಕೊಡಗಿನಲ್ಲಿ ಶನಿವಾರಸಂತೆಯೆಂಬ ಊರೇ ಇದೆಯಲ್ಲವೆ! ನಮ್ಮ ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ಶಾಲೆ. ಆ ಅರ್ಧ ದಿನವನ್ನು ಪ್ರತಿ ವಾರವೂ ಕೈಯ ಪಾಠಕ್ಕೆ ಮೀಸಲಿಡಬಹುದು.

ಈ ಮಾತನ್ನು ಹೇಳುವ ಮೊದಲು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಠಗಳ ಪ್ರಸಾದ ನಿಲಯಗಳಲ್ಲಿ ಮಕ್ಕಳು ಕಾಯಿಪಲ್ಲೆ ಹೆಚ್ಚುತ್ತಾರೆ, ಅಂಗಳ ಗುಡಿಸುತ್ತಾರೆ, ಪಂಕ್ತಿಗೆ ಬಡಿಸುತ್ತಾರೆ. ಅದನ್ನು ಸೇವೆಯೆಂದು ಹರಸಿದೆವು, ಪಾಠವೆಂದು ಬಗೆಯಲಿಲ್ಲ. ಇಂದು ಎಷ್ಟು ಎಲೆ ಬಿದ್ದವು, ತಲೆಗೆ ಎಷ್ಟು ಅಕ್ಕಿ ಹಿಡಿಯಿತು ಎಂದು ಅಡುಗೆಯವರಿಗೆ ಗೊತ್ತು. ಏಳನೆಯ ತರಗತಿಯ ಗಣಿತದ ಪುಸ್ತಕ ಹಿಡಿದ ಹುಡುಗನಿಗೆ ಗೊತ್ತಿಲ್ಲ.

ಶಿರಂಗಾಲದ ಸೀಮೆಯಲ್ಲಿ ಅಂತಹ ಶನಿವಾರ ಹೇಗಿರಬಹುದು? ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಶುಂಠಿ ಮೊಳೆತಿರುತ್ತದೆ. ಒಂದು ಮೀಟರು ಅಗಲ, ಮೂರು ಮೀಟರು ಉದ್ದದ ಮಡಿಯಲ್ಲಿ 25 ಸೆಂಟಿಮೀಟರಿಗೊಂದರಂತೆ ಬಿತ್ತನೆಯ ತುಂಡಿಟ್ಟರೆ ಅಡ್ಡಕ್ಕೆ 4, ಉದ್ದಕ್ಕೆ 12, ಒಟ್ಟು 48. ತುಂಡಿಗೆ 20 ಗ್ರಾಂ ಹಿಡಿದರೆ 960 ಗ್ರಾಂ ಬೀಜ. ಹಾಗಾದರೆ ಎಕರೆಗೆ ಎಷ್ಟು? ನಡುವಣ ಕಾಲುವೆಯ ಜಾಗವನ್ನು ಕಳೆಯದ ಹುಡುಗನ ಲೆಕ್ಕ ತಪ್ಪುತ್ತದೆ. ಶುಂಠಿಯು ಬೇರೆಂದು ಎಲ್ಲರೂ ಕೂಗುತ್ತಾರೆ. ತುಂಡನ್ನು ಕೈಗಿತ್ತು ಗಿಣ್ಣನ್ನೂ ಕಣ್ಣನ್ನೂ ತೋರಿಸಿದರೆ ಅದು ನೆಲದೊಳಗಿನ ಕಾಂಡವೆಂದು ತಾವೇ ಕಾಣುತ್ತಾರೆ. ಮುಂದಿನ ಶನಿವಾರ ಅಜ್ಜಿಯನ್ನು ಕೇಳಿ ಶುಂಠಿಯ ಮನೆಮದ್ದನ್ನು ಕನ್ನಡದಲ್ಲಿ ಬರೆದು ತರುತ್ತಾರೆ. ಅದರ ಮುಂದಿನ ವಾರ ಮಳೆ ಅಳೆಯುತ್ತಾರೆ, ನದಿಯ ದಡದಲ್ಲಿ ಹಿರಿಯರ ಜೊತೆ ನಿಂತು ನೀರಿನ ಮಟ್ಟವನ್ನು ಗುರುತಿಸುತ್ತಾರೆ.

ಮಡಿಯ 48ರಲ್ಲಿ 42 ಮಾತ್ರ ಮೊಳೆತಿವೆಯೆನ್ನೋಣ. ಶೇಕಡ 87.5 ಎಂದು ಒಬ್ಬಳು ಹಲಗೆಯ ಮೇಲೆ ಬರೆಯುತ್ತಾಳೆ. ಉಳಿದ ಆರು ಏಕೆ ಮೊಳೆಯಲಿಲ್ಲವೆಂದು ಇನ್ನೊಬ್ಬ ಕೇಳುತ್ತಾನೆ. ನೀರು ನಿಂತು ಕೊಳೆತವೋ, ಬೀಜದಲ್ಲಿಯೇ ರೋಗವಿತ್ತೋ? ಮೇಷ್ಟರು ಮಡಿಯ ಬಳಿ ಕುಳಿತು, ಮಕ್ಕಳ ಕೈಯಿಂದಲೇ ಆ ಆರು ತುಂಡುಗಳನ್ನು ಅಗೆಸಬೇಕಾಗುತ್ತದೆ.