ಗಣಕಯಂತ್ರದಲ್ಲಿ ಕನ್ನಡ ಲಿಪಿ: ದೋಷಶೋಧನದ ಚರಿತ್ರೆ

(೧)

ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ದೊರೆಯುವ ಅಮದಳ್ಳಿಯ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕೇಳಿದರೆ, ಕನ್ನಡ ಶಾಲೆಯ ಎರಡನೆಯ ತರಗತಿಯ ಬಾಲಕನೂ ೪ ಎಂದು ತಡವರಿಸದೆ ಹೇಳುವನು: ಅ, ಮ, ದ, ಳ್ಳಿ. ಇದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಹಾಕಿದರೆ ಅದು ೭ ಎಂದು ಎಣಿಸುವುದು: ಅ, ಮ, ದ, ಳ, ಹಲಂತದ ಚಿಹ್ನೆ, ಮತ್ತೊಂದು ಳ, ಕೊನೆಗೆ ಗುಡಿಸು. ಆ ಏಳನ್ನೂ ಯಂತ್ರವು ಕಡತದಲ್ಲಿ ಇಡುವಾಗ ಒಂದೊಂದಕ್ಕೆ ಮೂರು ಬೈಟುಗಳಂತೆ ೨೧ ಬೈಟುಗಳು ಬೇಕಾಗುವುವು. ಓದುವವನ ೪, ಯಂತ್ರದ ೭, ಉಗ್ರಾಣದ ೨೧ ಎಂಬ ಈ ಮೂರು ಲೆಕ್ಕಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾದುವೇ. ಆದರೆ ತಂತ್ರಾಂಶವನ್ನು ರಚಿಸುವವನು ಒಂದು ಲೆಕ್ಕವನ್ನು ಮತ್ತೊಂದೆಂದು ಭ್ರಮಿಸಿದಲ್ಲೆಲ್ಲ ಕನ್ನಡವು ಒಡೆದುಹೋಗುವುದು. ಕಳೆದ ಕೆಲವು ದಶಕಗಳಲ್ಲಿ ಕನ್ನಡಿಗರು ಈ ಒಡಕನ್ನು ಗುರುತಿಸಿ, ಕಾರಣವನ್ನು ಶೋಧಿಸಿ, ತಿದ್ದಿಕೊಂಡು ಬಂದ ಬಗೆಯು ನಮ್ಮ ಭಾಷೆಯ ಚರಿತ್ರೆಯಲ್ಲಿ ಒಂದು ಅಧ್ಯಾಯಕ್ಕೆ ಅರ್ಹವಾದುದು.

(೨)

ಯಂತ್ರಕ್ಕೂ ಕನ್ನಡ ಲಿಪಿಗೂ ಇರುವ ತಿಕ್ಕಾಟವು ಗಣಕದಿಂದ ಆರಂಭವಾದುದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಬಂದಿತು. ೧೮೯೪ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಕಿಟೆಲರ ನಿಘಂಟು ಮೊಳೆಗಳಿಂದ ಸಿದ್ಧವಾಯಿತು. ಮೊಳೆ ಜೋಡಿಸುವವನಿಗೆ ಒತ್ತಕ್ಷರವೂ ಗುಣಿತಾಕ್ಷರವೂ ದೊಡ್ಡ ತಲೆನೋವು. ಇಂಗ್ಲಿಷಿಗೆ ಸಾಕಾಗುವ ಮೊಳೆಗಳ ಎಷ್ಟೋ ಪಾಲು ಮೊಳೆಗಳು ಕನ್ನಡಕ್ಕೆ ಬೇಕು. ಆದರೆ ಅಲ್ಲಿ ತಪ್ಪಿದುದು ಕರಡಿನಲ್ಲಿ ಕಣ್ಣಿಗೆ ಬೀಳುತ್ತಿತ್ತು, ತಿದ್ದಿದರೆ ಮುಗಿಯಿತು. ಗಣಕದಲ್ಲಾದರೋ, ಕಣ್ಣಿಗೆ ಸರಿಯಾಗಿ ಕಾಣುವ ಪದವು ಒಳಗೆ ಬೇರೊಂದಾಗಿರಬಹುದು. ಹೊಸ ಯಂತ್ರದ ತೊಡಕುಗಳಿಗೆಲ್ಲ ಮೂಲವಿದು.

(೩)

ಮೊದಲನೆಯ ಘಟ್ಟದಲ್ಲಿ ಯಂತ್ರಕ್ಕೆ ಅಕ್ಷರಗಳನ್ನು ಇಡಲು ೨೫೬ ಮನೆಗಳು ಮಾತ್ರ ಇದ್ದುವು. ಅವುಗಳಲ್ಲಿ ಅರ್ಧದಷ್ಟು ಇಂಗ್ಲಿಷಿನ ಪಾಲು. ಕನ್ನಡದ ಅಕ್ಷರವಿನ್ಯಾಸಕರು ಉಪಾಯವೊಂದನ್ನು ಕಂಡುಕೊಂಡರು. ಇಂಗ್ಲಿಷಿನ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ, ತಲೆಕಟ್ಟು, ಇಳಿ, ಕೊಂಬು, ಒತ್ತು ಮೊದಲಾದ ತುಣುಕುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಅಕ್ಷರದ ಚಿತ್ರವನ್ನು ಕಟ್ಟಿದರು. ಆಕೃತಿ, ಶ್ರೀಲಿಪಿ, ಬರಹ, ನುಡಿ ಮುಂತಾದ ತಂತ್ರಾಂಶಗಳು ಈ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವು ಅಲ್ಪವಲ್ಲ. ಶೇಷಾದ್ರಿವಾಸು ಅವರ ‘ಬರಹ’ವು ೧೯೯೮ರಲ್ಲಿ ಹೊರಬಂದು ಪರದೇಶಗಳಲ್ಲಿದ್ದ ಕನ್ನಡಿಗರ ಮನೆಗಳನ್ನೂ ಹೊಕ್ಕಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವಂತೆ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು. ಒಂದು ಕೀಲಿಯನ್ನು ಹಲಂತಕ್ಕೆ ಮೀಸಲಿಟ್ಟು, ಅದರ ಮೂಲಕ ಯಾವ ಒತ್ತನ್ನಾದರೂ ಮೂಡಿಸಬಹುದೆಂಬ ಸರಳ ತತ್ತ್ವವು ಅದರಲ್ಲಿದೆ. ರಾಜ್ಯ ಸರ್ಕಾರವು ಪ್ರಮಾಣವೆಂದು ಒಪ್ಪಿದ ವಿನ್ಯಾಸಕ್ಕೂ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಗೂ ಈ ತತ್ತ್ವವೇ ಬುನಾದಿ.

ಆದರೂ ತುಣುಕುಗಳ ಪದ್ಧತಿಯಲ್ಲಿ ಮೂಲಭೂತವಾದ ಕೊರತೆಯೊಂದಿತ್ತು. ಯಂತ್ರವು ಸಂಗ್ರಹಿಸುತ್ತಿದ್ದುದು ಚಿತ್ರವನ್ನು, ಅಕ್ಷರವನ್ನಲ್ಲ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ‘ಕನ್ನಡ’ವೆಂಬ ಪದವನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ, ‘ಪಿ’ಯೆಂಬ ರೋಮನಕ್ಷರದಿಂದ ಮೊದಲಾಗುವ ಅರ್ಥಹೀನವಾದ ಸಾಲು ಕಾಣುವುದು. ಒಬ್ಬ ತಯಾರಕನು ಒಂದು ಮನೆಯಲ್ಲಿಟ್ಟ ತುಣುಕನ್ನು ಮತ್ತೊಬ್ಬನು ಬೇರೆ ಮನೆಯಲ್ಲಿಟ್ಟಿದ್ದನು. ಒಂದು ಕಛೇರಿಯ ಕಡತವು ಮತ್ತೊಂದು ಕಛೇರಿಗೆ ಹೋಗುವಷ್ಟರಲ್ಲಿ ಅಪರಿಚಿತ ಭಾಷೆಯಾಗುತ್ತಿತ್ತು.

ಜಾಲತಾಣಗಳಲ್ಲಿಯೂ ಇದೇ ಅವಸ್ಥೆ. ೧೯೯೬ರಲ್ಲಿ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದಾಗ ಜಾಲದಲ್ಲಿ ಕನ್ನಡದ ಸುಳಿವೇ ವಿರಳ. ಪುಟದೊಡನೆಯೇ ಅಕ್ಷರಶೈಲಿಯನ್ನೂ ಕಳುಹುವ ಉಪಾಯವು ಅನಂತರ ಬಂದಿತಾದರೂ, ಎಕ್ಸ್‌ಪ್ಲೋರರಿಗೆ ಒಂದು ರೀತಿಯ ಕಡತ, ನೆಟ್‌ಸ್ಕೇಪಿಗೆ ಮತ್ತೊಂದು ರೀತಿಯ ಕಡತ ಬೇಕಾಗಿ, ಒಂದರಲ್ಲಿ ಅಂದವಾಗಿ ಕಂಡ ಪುಟವು ಇನ್ನೊಂದರಲ್ಲಿ ಅವಲಕ್ಷಣವಾಗುತ್ತಿತ್ತು.

(೪)

ಈ ಗೊಂದಲಕ್ಕೆ ಪರಿಹಾರವು ಎರಡು ಮೆಟ್ಟಿಲುಗಳಲ್ಲಿ ಬಂದಿತು. ಭಾರತದ ಲಿಪಿಗಳಿಗೆಲ್ಲ ಸಮಾನವಾದ ‘ಇಸ್ಕಿ’ಯೆಂಬ ಸಂಕೇತವ್ಯವಸ್ಥೆಯು ೧೯೮೮ರಲ್ಲಿ ರೂಪುಗೊಂಡು ೧೯೯೧ರಲ್ಲಿ ಭಾರತೀಯ ಮಾನಕವಾಯಿತು. ಅದೇ ೧೯೯೧ರಲ್ಲಿ ಪ್ರಪಂಚದ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತರುವ ಯೂನಿಕೋಡಿನ ಮೊದಲ ಆವೃತ್ತಿಯು ಪ್ರಕಟವಾಗಿ, ಇಸ್ಕಿಯ ಅನುಕ್ರಮದಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿಯು ದೊರೆಯಿತು. ಇಲ್ಲಿ ಸಂಗ್ರಹವಾಗುವುದು ಅಕ್ಷರದ ಸಂಕೇತ. ಅದನ್ನು ಹೇಗೆ ಚಿತ್ರಿಸಬೇಕೆಂಬುದು ತೆರೆಯ ಮೇಲೆ ತೋರಿಸುವ ತಂತ್ರಾಂಶದ ಹೊಣೆ. ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ಈ ಸಂಕೇತಗಳನ್ನು ಬೈಟುಗಳಾಗಿ ಹಂಚುವ ಯುಟಿಎಫ್-೮ ಎಂಬ ಪದ್ಧತಿಯನ್ನು ಹೂಡಿದರು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಕನ್ನಡವನ್ನು ತೋರಿಸತೊಡಗಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯವು ಜನ್ಮ ತಳೆಯಿತು.

ಹೊಸ ಮನೆಗೆ ಬಂದರೂ ಹಳೆಯ ಸಾಮಾನನ್ನು ಸಾಗಿಸಬೇಕಷ್ಟೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಬಹಳವಾಗಿ ಕಾಡಿತು. ಚಿತ್ರದ ಪದ್ಧತಿಯಲ್ಲಿ ಅರ್ಕಾವೊತ್ತು ವ್ಯಂಜನದ ಬಲಕ್ಕೆ ಕಾಣುವುದರಿಂದ ಅದರ ತುಣುಕೂ ವ್ಯಂಜನದ ಅನಂತರವೇ ಬರುವುದು. ಉಚ್ಚಾರಣೆಯಲ್ಲಿಯೂ ಯೂನಿಕೋಡಿನಲ್ಲಿಯೂ ರೇಫವೇ ಮೊದಲು. ಈ ಸ್ಥಾನಪಲ್ಲಟವನ್ನು ಮರೆತ ಪರಿವರ್ತಕಗಳ ಕೈಯಲ್ಲಿ ‘ಗೋಕರ್ಣ’ವು ‘ಗೋಕಣರ್’ ಆಯಿತು, ‘ಕರ್ನಾಟಕ’ವು ‘ಕನಾರ್ಟಕ’ವಾಯಿತು. ಇಂಥ ರೂಪಗಳನ್ನು ಜಾಲದಲ್ಲಿ ಕಂಡವರು ಬರೆದವನ ಅಜ್ಞಾನವೆಂದು ನಗುವುದುಂಟು, ಅಪರಾಧವು ಪರಿವರ್ತಕದ್ದು.

(೫)

ವೈದ್ಯನು ನಾಡಿಯನ್ನು ನೋಡಿ ರೋಗವನ್ನು ನಿರ್ಣಯಿಸುವಂತೆ, ಅನುಭವಿಯಾದ ತಂತ್ರಾಂಶಕಾರನು ಕೆಟ್ಟ ಪುಟದ ಲಕ್ಷಣದಿಂದಲೇ ದೋಷದ ನೆಲೆಯನ್ನು ತಿಳಿಯಬಲ್ಲನು. ಮುಖ್ಯವಾದ ಲಕ್ಷಣಗಳು ನಾಲ್ಕು.

ಅಕ್ಷರಗಳ ಬದಲಿಗೆ ಬರಿಯ ಚೌಕಗಳು ಕಂಡರೆ, ಸಂಕೇತವು ಕ್ಷೇಮ. ತೋರಿಸುವ ಯಂತ್ರದಲ್ಲಿ ಕನ್ನಡದ ಅಕ್ಷರಶೈಲಿಯಿಲ್ಲ. ಶೈಲಿಯನ್ನು ಸ್ಥಾಪಿಸಿದರೆ ಸಾಕು. ಎರಡನೆಯದಾಗಿ, ತಲೆಯ ಮೇಲೆ ಓರೆಗೆರೆಯುಳ್ಳ ‘ಎ’ಯೆಂಬ ರೋಮನಕ್ಷರವು ಎರಡು ಮೂರು ಚಿಹ್ನೆಗಳಿಗೊಮ್ಮೆ ತಲೆದೋರಿದರೆ, ಬೈಟುಗಳು ಉಳಿದಿವೆ, ಓದುವ ಕ್ರಮವು ತಪ್ಪಿದೆಯೆಂದರ್ಥ. ಯುಟಿಎಫ್-೮ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟು ಒಂದೇ. ಪಾಶ್ಚಾತ್ಯ ಪಟ್ಟಿಯಲ್ಲಿ ಆ ಬೈಟಿನ ಹೆಸರೇ ಈ ಓರೆಗೆರೆಯ ‘ಎ’. ಪುಟದ ಶಿರೋಭಾಗದಲ್ಲಿ ಯುಟಿಎಫ್-೮ ಎಂದು ಘೋಷಿಸಿ, ದತ್ತಸಂಚಯಕ್ಕೆ ಹೋಗುವ ದಾರಿಯಲ್ಲಿಯೂ ಅದನ್ನೇ ನಿಯಮಿಸಿದರೆ ಇದು ಗುಣವಾಗುವುದು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯವು ೨೦೧೮ರ ೮ನೆಯ ಆವೃತ್ತಿಯವರೆಗೆ ಪಾಶ್ಚಾತ್ಯ ಪಟ್ಟಿಯನ್ನೇ ತಾನಾಗಿ ಹಿಡಿಯುತ್ತಿದ್ದುದು ಅನೇಕ ಭಾರತೀಯ ಜಾಲತಾಣಗಳ ಈ ವ್ಯಾಧಿಗೆ ಒಂದು ಕಾರಣ.

ಮೂರನೆಯದು ಪ್ರಶ್ನಾರ್ಥಕಚಿಹ್ನೆಗಳ ಸಾಲು. ಇದು ಅಸಾಧ್ಯರೋಗ. ಕನ್ನಡವನ್ನರಿಯದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದಾಗ ಯಂತ್ರವು ತಿಳಿಯದ ಅಕ್ಷರವನ್ನು ಎಸೆದು ಅದರ ಸ್ಥಳದಲ್ಲಿ ಈ ಚಿಹ್ನೆಯನ್ನಿಡುವುದು. ಎಸೆದುದು ಮರಳಿ ಬಾರದು. ಮೂಲಪ್ರತಿಯಿಂದ ಮತ್ತೆ ಬರೆಯಬೇಕು. ೧೯೯೮ರ ವಿಷುಯಲ್ ಬೇಸಿಕ್ ೬ರಿಂದ ಕಟ್ಟಿದ ಮೇಜುಗಣಕದ ತಂತ್ರಾಂಶಗಳಲ್ಲಿ, ಅದರ ಸಾಮಾನ್ಯ ಪೆಟ್ಟಿಗೆಗಳು ಯೂನಿಕೋಡನ್ನು ಅರಿಯದ ಕಾರಣ, ಈ ನಷ್ಟವು ಸಾಮಾನ್ಯವಾಗಿತ್ತು. ನಾಲ್ಕನೆಯದು, ಪದದ ಕೊನೆಯಲ್ಲಿ ಮಾತ್ರ ಮೂಡುವ ವಿಕಾರ. ಅಮದಳ್ಳಿಗೆ ೨೧ ಬೈಟು ಬೇಕಷ್ಟೆ. ಊರಿನ ಹೆಸರಿಗೆ ೨೦ ಬೈಟುಗಳ ಅಂಕಣವನ್ನು ಇಟ್ಟಿದ್ದರೆ ಗುಡಿಸಿನ ಕೊನೆಯ ಬೈಟು ಕತ್ತರಿಸಿಹೋಗಿ ಬಾಲವು ಮುರಿಯುವುದು. ಅಂಕಣವನ್ನು ಅಗಲಿಸುವುದೂ, ಕತ್ತರಿಸಲೇಬೇಕಾದಲ್ಲಿ ಪೂರ್ಣಾಕ್ಷರದ ಎಲ್ಲೆಯಲ್ಲಿ ಕತ್ತರಿಸುವುದೂ ಇದಕ್ಕೆ ಮದ್ದು.

ಪ್ರಬಲರಾದ ತಯಾರಕರೂ ಇಂಥ ತೊಡಕಿನಲ್ಲಿ ಎಡವದೆ ಇಲ್ಲ. ೨೦೧೮ರ ಫೆಬ್ರವರಿಯಲ್ಲಿ ನಮ್ಮ ಸೋದರಲಿಪಿಯಾದ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರವು, ಜ್ಞಾಕಾರದ ನಡುವೆ ಅಗೋಚರಚಿಹ್ನೆಯೊಂದು ಸೇರಿದ ರೂಪದಲ್ಲಿ ಬಂದು, ಐಫೋನುಗಳ ತಂತ್ರಾಂಶಗಳನ್ನು ಕುಸಿದು ಬೀಳುವಂತೆ ಮಾಡಿತು. ಆಪಲ್ ಸಂಸ್ಥೆಯು ಅದೇ ತಿಂಗಳಲ್ಲಿ ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

(೬)

ಇವು ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷಗಳು ಇವುಗಳಿಗಿಂತ ಕಠಿನ. ಅಂಕೋಲಾ ಎಂಬ ಹೆಸರನ್ನೇ ನೋಡಬಹುದು. ಅದರ ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತಿದರೂ ಕಣ್ಣಿಗೆ ಭೇದ ತೋರದು. ಆದರೆ ಹುಡುಕುವ ಯಂತ್ರಕ್ಕೆ ಅವೆರಡು ಬೇರೆ ಬೇರೆ ಪದಗಳು. ಅದೇ ಹೆಸರಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಎರಡನ್ನೂ ಏಕರೂಪಕ್ಕೆ ತರುವ ‘ಸಮೀಕರಣ’ದ ವಿಧಿಯನ್ನು ಯೂನಿಕೋಡೇ ಹೇಳಿದೆ, ಅದನ್ನು ಸಂಗ್ರಹಿಸುವ ಮುನ್ನವೂ ಹುಡುಕುವ ಮುನ್ನವೂ ಪಾಲಿಸಬೇಕು. ಸೊನ್ನೆಯ ದೋಷವಾದರೋ ಆ ವಿಧಿಗೂ ಸಿಕ್ಕದು. ಅಕ್ಷರಗಳ ನಡುವೆ ಒಂಟಿಯಾಗಿ ನಿಂತ ಸೊನ್ನೆಯನ್ನು ಹುಡುಕಿ ತಿದ್ದುವ ಪ್ರತ್ಯೇಕ ನಿಯಮವು ಬೇಕು.

ಯೂನಿಕೋಡಿನ ವರ್ಗೀಕರಣದಲ್ಲಿ ಗುಡಿಸೂ ಹಲಂತವೂ ‘ಅಕ್ಷರ’ಗಳಲ್ಲ, ‘ಚಿಹ್ನೆ’ಗಳು. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕೆಂದು ನಿಯಮಿಸುವ ಅರ್ಜಿನಮೂನೆಯು ಆದಕಾರಣ ಕನ್ನಡದ ಬಹುಪಾಲು ಹೆಸರುಗಳನ್ನು ನಿರಾಕರಿಸುವುದು. ಯೂರೋಪಿನ ಭಾಷೆಗಳ ಸ್ವರಚಿಹ್ನೆಗಳನ್ನು ಸವರಿಹಾಕಲು ಬರೆದ ಸೂತ್ರವನ್ನು ಕನ್ನಡದ ಮೇಲೆ ಪ್ರಯೋಗಿಸಿದರೆ ಅಮದಳ್ಳಿಯು ‘ಅಮದಳಳ’ವಾಗುವುದು. ಅಕಾರಾದಿಯಲ್ಲಿಯೂ ತೊಂದರೆಯುಂಟು. ಇಸ್ಕಿಯು ಭಾರತೀಯ ಲಿಪಿಗಳನ್ನೆಲ್ಲ ಸಮಾನಾಂತರವಾಗಿ ಇಟ್ಟುದರಿಂದ ಕನ್ನಡದ ಳಕಾರವು ಲಕಾರದ ಪಕ್ಕದ ಮನೆಯನ್ನು ಪಡೆಯಿತು. ನಮ್ಮ ವರ್ಣಮಾಲೆಯಲ್ಲಿಯೋ ಅದರ ಸ್ಥಾನವು ಹಕಾರದ ಅನಂತರ. ಸಂಕೇತಗಳ ಸಂಖ್ಯೆಯನ್ನೇ ನಂಬಿ ಪಟ್ಟಿಮಾಡಿದರೆ ‘ಕಳಸ’ವು ‘ಕವಿ’ಗಿಂತ ಮುಂಚೆ ಬಂದು ಕುಳಿತಿರುವುದು. ಕನ್ನಡದ ಅನುಕ್ರಮವನ್ನು ಯಂತ್ರಕ್ಕೆ ಪ್ರತ್ಯೇಕವಾಗಿ ಬೋಧಿಸುವುದೇ ಇದಕ್ಕೆ ದಾರಿ.

(೭)

ಇಷ್ಟು ಸೂಕ್ಷ್ಮಗಳಿಂದ ಸಾಮಾನ್ಯ ಗೃಹಸ್ಥನಿಗೆ ಏನಾಗಬೇಕೆಂದು ಕೆಲವರು ಕೇಳಬಹುದು. ‘ಭೂಮಿ’ ಯೋಜನೆಯು ಕರ್ನಾಟಕದಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಸ್ಥಾನವನ್ನು ಗಣಕದ ಪಹಣಿಗೆ ಕೊಟ್ಟಿತು. ಅಂದಿನಿಂದ ರೈತನ ಹೆಸರೆಂದರೆ ಯಂತ್ರವು ಗುರುತಿಸುವ ಹೆಸರು. ಎರಡು ಕಾಗದಗಳಲ್ಲಿ ಹೆಸರು ಕಣ್ಣಿಗೆ ಒಂದೇ ಆಗಿದ್ದರೂ ಸಂಕೇತದಲ್ಲಿ ಬೇರೆಯಾದರೆ, ಹೋಲಿಸಿ ನೋಡುವ ತಂತ್ರಾಂಶವು ಇವರು ಇಬ್ಬರೆನ್ನುವುದು. ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಸೀಮೆಯಲ್ಲಿ ಕನ್ನಡ, ಕೊಂಕಣಿ, ಮರಾಠಿಗಳು ಒಂದೇ ಕೇರಿಯಲ್ಲಿ ಬಾಳುತ್ತಿವೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿಯೂ ನಾಗರಿಯಲ್ಲಿಯೂ ರೋಮನಿನಲ್ಲಿಯೂ ಬರೆಯುವರು. ಒಬ್ಬನ ಹೆಸರೇ ಮೂರು ಲಿಪಿಗಳಲ್ಲಿ ಸಂಚರಿಸಿ ಬರುವಲ್ಲಿ ಒಂದು ಚಿಹ್ನೆಯು ಸವೆದರೂ ಹೊಲದ ಹಕ್ಕಿಗೆ, ಸಾಲದ ಅರ್ಜಿಗೆ ಅಡ್ಡಿಯಾಗಬಹುದು.

ಸಾಹಿತ್ಯಕ್ಕೂ ಇದರಿಂದ ಹಾನಿಯುಂಟು. ತುಣುಕುಗಳ ಕಾಲದಲ್ಲಿ ಅಕ್ಷರಜೋಡಣೆಯಾದ ಸ್ಮರಣಸಂಚಿಕೆಗಳು, ಜನಪದಗೀತಗಳ ಸಂಗ್ರಹಗಳು, ಮಾಸಪತ್ರಿಕೆಗಳು ಹಳೆಯ ಕಡತಗಳಲ್ಲಿ ಮಲಗಿರುವುವು. ಅವುಗಳನ್ನು ತೆರೆಯಬಲ್ಲ ತಂತ್ರಾಂಶಗಳು ಕಣ್ಮರೆಯಾದಂತೆಲ್ಲ ಅವು ಓಲೆಗರಿಗಳಿಗಿಂತಲೂ ದುರ್ಗಮವಾಗುವುವು. ಓಲೆಯನ್ನು ಹುಳು ತಿಂದರೂ ಉಳಿದ ಭಾಗವನ್ನು ಓದಬಹುದು; ಸಂಕೇತದ ಕೀಲಿ ಕಳೆದ ಕಡತದಲ್ಲಿ ಓದಲು ಏನೂ ಉಳಿಯದು. ಆದುದರಿಂದ ಪ್ರತಿಯೊಂದು ಜಿಲ್ಲೆಯ ಸಾಹಿತ್ಯಸಂಘವೂ ತನ್ನ ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು, ಅನುಸ್ವಾರಗಳನ್ನು ಬಲ್ಲವರ ಕೈಯಿಂದ ಕರಡು ತಿದ್ದಿಸಿ ಇರಿಸಿಕೊಳ್ಳುವುದು ಯುಕ್ತ. ಯಂತ್ರವನ್ನು ಬಲ್ಲ ತರುಣರೂ ವ್ಯಾಕರಣವನ್ನು ಬಲ್ಲ ಹಿರಿಯರೂ ಒಂದೇ ಮೇಜಿನ ಮುಂದೆ ಕುಳಿತಲ್ಲದೆ ಈ ಕಾರ್ಯವು ಕೈಗೂಡದು. ಹಳೆಯ ಕಡತಗಳನ್ನು ತೆರೆಯಬಲ್ಲ ಗಣಕಗಳು ಇನ್ನೂ ಕೆಲವೆಡೆ ಉಳಿದಿರುವಾಗಲೇ ಅದನ್ನು ಆರಂಭಿಸುವುದು ಶ್ರೇಯಸ್ಕರ.