ಕೋವಿಯೂ ಜನಗುಣವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2021ರಲ್ಲಿ ಗುಂಡೇಟಿನಿಂದ ಕೊಲೆಯಾದವರು 20,000ಕ್ಕೂ ಹೆಚ್ಚು. ಹನ್ನೆರಡು ಕೋಟಿ ಜನರಿರುವ ಜಪಾನಿನಲ್ಲಿ ಎಷ್ಟೋ ವರ್ಷ ಈ ಸಂಖ್ಯೆ ಹತ್ತನ್ನೂ ಮುಟ್ಟುವುದಿಲ್ಲ. ಜಪಾನೀಯರು ಹುಟ್ಟಿನಿಂದಲೇ ಶಾಂತರು, ಅಮೆರಿಕನ್ನರು ಮುಂಗೋಪಿಗಳು ಎಂದುಬಿಡುವುದು ಸುಲಭ. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ.

ಜಪಾನಿಗೆ ಬಂದೂಕು ಬಂದದ್ದು 1543ರಲ್ಲಿ, ತನೆಗಷಿಮ ದ್ವೀಪದಲ್ಲಿ ಇಳಿದ ಪೋರ್ಚುಗೀಸರಿಂದ. ಅಲ್ಲಿನ ಕಮ್ಮಾರರು ಅದರ ವಿದ್ಯೆಯನ್ನು ಬೇಗನೆ ಕಲಿತರು. 1575ರ ನಾಗಷಿನೊ ಕದನದಲ್ಲಿ ಬಂದೂಕುಗಳು ಸಾಲುಸಾಲಾಗಿ ಮೊಳಗಿದುವು. ಅದು ಅಂತಃಕಲಹದ ಕಾಲ, ರಕ್ತಪಾತಕ್ಕೆ ಬರವಿರಲಿಲ್ಲ. 1588ರಲ್ಲಿ ಹಿದೆಯೋಷಿ ರೈತರ ಆಯುಧಗಳನ್ನು ಕಸಿದುಕೊಳ್ಳಲು ಆಜ್ಞೆ ಹೊರಡಿಸಿದನು. ಮುಂದೆ ತೊಕುಗಾವ ವಂಶದ ದೀರ್ಘ ಶಾಂತಿಯಲ್ಲಿ ಹಳ್ಳಿಗಳ ಕೋವಿ ಬೇಟೆಗೂ ಬೆಳೆ ಕಾಯುವುದಕ್ಕೂ ಸೀಮಿತವಾಯಿತು. 1958ರ ಶಾಸನದ ಪ್ರಕಾರ ಸಾಮಾನ್ಯರು ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಕೋವಿಗೂ ಪರವಾನಗಿ ಬೇಕು.

ಅಮೆರಿಕದ ದಾರಿ ಬೇರೆ. ಗಡಿನಾಡಿನ ವಲಸೆಗಾರನಿಗೆ ಕೋವಿ ನೇಗಿಲಿನಷ್ಟೇ ಅಗತ್ಯವಾಗಿತ್ತು. ಮೂಲನಿವಾಸಿಗಳ ನೆಲವನ್ನು ಕಿತ್ತುಕೊಂಡದ್ದೂ, ಗುಲಾಮರನ್ನು ಹತೋಟಿಯಲ್ಲಿಟ್ಟದ್ದೂ ಅದೇ ಕೋವಿಯೇ. 1791ರಲ್ಲಿ ಆಯುಧಧಾರಣೆಯ ಹಕ್ಕು ರಾಜ್ಯಾಂಗದಲ್ಲಿ ಸೇರಿತು. ಇಂದು ಅಲ್ಲಿ ಜನರಿಗಿಂತ ಬಂದೂಕುಗಳೇ ಹೆಚ್ಚೆಂದು ಅಂದಾಜು. ಕಳವು, ಹೊಡೆದಾಟಗಳಲ್ಲಿ ಅಮೆರಿಕ ಇತರ ಶ್ರೀಮಂತ ದೇಶಗಳಿಗಿಂತ ಅಷ್ಟೇನೂ ಮುಂದಿಲ್ಲ, ಮುಂದಿರುವುದು ಸಾವಿನಲ್ಲಿ ಎಂದು ಝಿಮ್ರಿಂಗ್ ಮತ್ತು ಹಾಕಿನ್ಸ್ ಎಂಬ ವಿದ್ವಾಂಸರು 1997ರಲ್ಲಿ ತೋರಿಸಿಕೊಟ್ಟರು. ಜಗಳ ಎಲ್ಲೆಡೆಯೂ ಉಂಟು; ಜಗಳವಾಡುವವನ ಕೈಗೆ ಏನು ಸಿಗುವುದು ಎಂಬುದರಲ್ಲಿ ಭೇದ.

ಬಂದೂಕುಗಳ ಎಣಿಕೆಯೊಂದೇ ಇದನ್ನು ತೀರ್ಮಾನಿಸುವುದೇ? ಅದೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸೈನಿಕ ಶಿಕ್ಷಣ ಪಡೆದವರು ಬಂದೂಕನ್ನು ಮನೆಯಲ್ಲಿಡುವ ರೂಢಿಯುಂಟು. ಆದರೂ ಕೊಲೆಗಳು ಕಡಿಮೆ. ಆದರೆ 2003ರ ಸುಧಾರಣೆಯಿಂದ ಸೈನ್ಯ ಸುಮಾರು ಅರ್ಧಕ್ಕಿಳಿದು, ಮನೆಗಳಲ್ಲಿ ಬಂದೂಕುಗಳು ಕಡಿಮೆಯಾದ ಮೇಲೆ, ಸೇವೆಯ ವಯಸ್ಸಿನ ಗಂಡಸರ ಆತ್ಮಹತ್ಯೆಗಳು ಇಳಿದುವು. ಅಮೆರಿಕದಲ್ಲಿಯೂ ಗುಂಡಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ. ದುಡುಕಿನ ಗಳಿಗೆ ಕಳೆದರೆ ಎಷ್ಟೋ ಜೀವ ಉಳಿಯುವುದು.

ಆಸ್ಟ್ರೇಲಿಯದ ಪೋರ್ಟ್ ಆರ್ಥರ್‌ನಲ್ಲಿ 1996ರಲ್ಲಿ ಒಬ್ಬನ ಗುಂಡಿಗೆ 35 ಮಂದಿ ಬಲಿಯಾದರು. ಬಳಿಕ ಸರಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. ಗುಂಡಿನ ಸಾವುಗಳು ಮೊದಲೇ ಇಳಿಮುಖವಾಗಿದ್ದುವು. ಅನಂತರ ಇನ್ನೂ ಇಳಿದುವು. ಇದರಲ್ಲಿ ಕಾನೂನಿನ ಪಾಲೆಷ್ಟೆಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು.

ಜಪಾನಿನಲ್ಲಿಯೂ 2022ರಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಗುಂಡಿಗೆ ಬಲಿಯಾದರು. ಆದರೆ ಕೊಂದವನು ಆ ಕೋವಿಯನ್ನು ತನ್ನ ಕೈಯಿಂದಲೇ ತಯಾರಿಸಿಕೊಳ್ಳಬೇಕಾಗಿತ್ತು. ದ್ವೇಷವನ್ನು ಯಾವ ಶಾಸನವೂ ಅಳಿಸಲಾರದು. ದ್ವೇಷಕ್ಕೂ ಕೋವಿಗೂ ನಡುವಣ ದಾರಿಯನ್ನು ದೂರಮಾಡಬಲ್ಲದು.